ನಾಯಿಯನ್ನು ಮೇಳಕ್ಕೆ ಒಯ್ಯುವಿರಾ?

ಕೆಲವು ಕೃಷಿಮೇಳಗಳಲ್ಲಿ ಶ್ವಾನ ಪ್ರದರ್ಶನವೂ ಇರುತ್ತದೆ. ಮುಧೋಳ ನಾಯಿ ಸಾಕುವ ರೈತರು ತಳಿ ತೋರಿಸಲು, ಮರಿಗೆ ಗಿರಾಕಿ ಹುಡುಕಲು ಬರುತ್ತಾರೆ. 2005ರಲ್ಲಿ ಅಂಚೆಚೀಟಿಯಲ್ಲಿ ಬಂದ ನಾಯಿ ಇದು. ಜನ ಮುತ್ತಿಕೊಳ್ಳುವುದು ಸಹಜ.

ಆದರೆ ಇದು ಬಯಲಲ್ಲಿ ಓಡಿ ಬೆಳೆದ ಬೇಟೆನಾಯಿ. ಗುರುತಿಲ್ಲದವರು ಮೈ ಮುಟ್ಟಿದರೆ ಹಿಡಿಸದು. ಮೇಳದಲ್ಲಿ ಒಬ್ಬರು ಬಾಲ ಎಳೆಯುತ್ತಾರೆ. ಇನ್ನೊಬ್ಬರು ಮಗುವನ್ನು ಅದರ ಮೂತಿ ಹತ್ತಿರ ಹಿಡಿದು ಫೋಟೋ ತೆಗೆಯುತ್ತಾರೆ. ಕಚ್ಚಿತೋ, ತಪ್ಪೆಲ್ಲ ನಾಯಿಯದ್ದೇ! ‘ಕಚ್ಚೋ ನಾಯಿ’ ಅಂತ ಹೆಸರು ಬಿದ್ದರೆ ಅದರ ಬಾಳು ಮುಗಿದಂತೆ. ಜನರಿಂದ ನಾಯಿಯನ್ನು ಕಾಯುವುದೂ ಯಜಮಾನನ ಕೆಲಸವೇ.

ಹೊರಡುವ ಮೊದಲು

ರೇಬಿಸ್ ಲಸಿಕೆ ಆಗಿರಲೇಬೇಕು. ಮೊದಲ ಸಲ ಹಾಕಿಸುವುದಾದರೆ ಒಂದು ತಿಂಗಳು ಮುಂಚೆಯೇ ಹಾಕಿಸಿ. ಹಿಂದಿನ ದಿನ ಹಾಕಿಸಿದರೆ ಉಪಯೋಗವಿಲ್ಲ. ಲಸಿಕೆಗಳು ಪೂರ್ತಿಯಾಗದ ಮರಿಯನ್ನು ಒಯ್ಯಬೇಡಿ. ನಾಯಿಗಳು ಸೇರುವಲ್ಲಿ ಪಾರ್ವೋ ರೋಗ ಸುಲಭವಾಗಿ ಹರಡುತ್ತದೆ. ಬೆದೆಗೆ ಬಂದದ್ದು, ಮರಿ ಹಾಕಿದ್ದು, ಪುಕ್ಕಲು ಸ್ವಭಾವದ್ದು - ಇವೂ ಮನೆಯಲ್ಲೇ ಇರಲಿ.

ಮುಧೋಳ ನಾಯಿಯ ತಲೆ ಸಪೂರ. ಹಿಂದಕ್ಕೆ ಜಗ್ಗಿ ಕೊರಳಪಟ್ಟಿಯಿಂದ ನುಣುಚಿಕೊಳ್ಳುತ್ತದೆ. ಅಗಲ ಪಟ್ಟಿಯನ್ನು ಎರಡು ಬೆರಳು ತೂರುವಷ್ಟೇ ಸಡಿಲ ಬಿಟ್ಟು ಕಟ್ಟಿ, ಮನೆಯಲ್ಲೇ ಎಳೆದು ನೋಡಿ.

ಎಲ್ಲಿ ನಿಲ್ಲಿಸಬೇಕು?

ಧ್ವನಿವರ್ಧಕ, ಜನರೇಟರಿನಿಂದ ದೂರ, ನೆರಳಲ್ಲಿ. ಬೆನ್ನಿಗೆ ಗೋಡೆಯೋ ತಟ್ಟಿಯೋ ಇದ್ದರೆ ಹಿಂದಿನಿಂದ ಯಾರೂ ಬರಲಾಗದು. ಮುಂದೆ ಎರಡು ಮಾರು ದೂರದಲ್ಲಿ ಹಗ್ಗ ಕಟ್ಟಿ. ನೀರು ಸದಾ ಇರಲಿ.

ಕಂಬಕ್ಕೆ ಕಟ್ಟಿ ಊಟಕ್ಕೆ ಹೋಗಬೇಡಿ. ಕಟ್ಟಿದ ನಾಯಿಗೆ ತಪ್ಪಿಸಿಕೊಳ್ಳಲು ದಾರಿಯಿಲ್ಲ. ಉಳಿಯುವುದು ಹಲ್ಲು ಮಾತ್ರ. ಇಬ್ಬರು ಹೋದರೆ ಒಬ್ಬರು ನಾಯಿಗೆ, ಒಬ್ಬರು ಗಿರಾಕಿಗೆ.

ಬಾಯಿಗೆ ಬಟ್ಟೆ ಬಿಗಿಯಬೇಡಿ

ನಾಯಿ ನಮ್ಮಂತೆ ಮೈಯೆಲ್ಲ ಬೆವರುವುದಿಲ್ಲ. ಬಾಯಿ ತೆರೆದು ಏದುಸಿರು ಬಿಟ್ಟೇ ಮೈ ತಣಿಸಿಕೊಳ್ಳುತ್ತದೆ. ಬಾಯಿ ಬಿಗಿದರೆ ಬಿಸಿಲಿನಲ್ಲಿ ಸತ್ತೇ ಹೋದೀತು. ಬೇಕಿದ್ದರೆ ಎತ್ತಿನ ಬಾಯಿಗೆ ಹಾಕುವ ಕುಕ್ಕೆಯಂಥದ್ದನ್ನು, ಒಳಗೆ ಬಾಯಿ ತೆರೆಯುವಷ್ಟು ಜಾಗವಿರುವಂತೆ ಹಾಕಿ.

ಸೂಚನೆ ಗಮನಿಸಿ

ಹಸಿವಿಲ್ಲದೆ ತುಟಿ ನೆಕ್ಕುವುದು, ಪದೇ ಪದೇ ಆಕಳಿಕೆ, ಮುಖ ತಿರುಗಿಸುವುದು, ಬಾಲ ಮುದುಡುವುದು, ಕಣ್ಣಿನ ಬಿಳಿ ಕಾಣುವುದು - ‘ನನಗೆ ಸಾಕಾಯ್ತು’ ಎನ್ನುವ ಮಾತು ಇವು. ಕೂಡಲೇ ಜನರಿಂದ ದೂರ ನಡೆಸಿ. ಗುರುಗುಟ್ಟಿದರೆ ಹೊಡೆಯಬೇಡಿ. ಹೊಡೆದರೆ ಮುಂದಿನ ಸಲ ಗುರುಗುಟ್ಟದೆಯೇ ಕಚ್ಚುವುದನ್ನು ಕಲಿಯುತ್ತದೆ.

ಜನ ಕೊಡುವ ತಿಂಡಿ ಬೇಡ. ಒಣದ್ರಾಕ್ಷಿ, ಚಾಕಲೇಟು, ಈರುಳ್ಳಿ ನಾಯಿಗೆ ವಿಷ. ಬೇಯಿಸಿದ ಎಲುಬು ಸೀಳಿ ಕರುಳಿಗೆ ಚುಚ್ಚುತ್ತದೆ.

ಕಚ್ಚಿಯೇ ಬಿಟ್ಟರೆ?

ಗಾಯವನ್ನು ಸಾಬೂನು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯಿರಿ. ಅರಸಿನ, ಸುಣ್ಣ, ಮೆಣಸಿನಪುಡಿ ಹಚ್ಚಬಾರದು. ಪರಚಿದ್ದಾದರೂ ಸರಿ, ಅಂದೇ ಆಸ್ಪತ್ರೆಗೆ ಕರೆದೊಯ್ಯಿರಿ. ‘ನಮ್ಮ ನಾಯಿಗೆ ಲಸಿಕೆ ಆಗಿದೆ’ ಎಂದು ತಡೆಯಬೇಡಿ. ನಾಯಿಯನ್ನು ಕೊಲ್ಲದೆ 10 ದಿನ ಕಟ್ಟಿಹಾಕಿ ಗಮನಿಸಿ. ಅದು ಆರೋಗ್ಯವಾಗಿ ಉಳಿದರೆ ಕಚ್ಚಿದ ಹೊತ್ತಿಗೆ ರೇಬಿಸ್ ಹರಡುವ ಸ್ಥಿತಿಯಲ್ಲಿರಲಿಲ್ಲ ಎಂದರ್ಥ.

ಎಲ್ಲಕ್ಕಿಂತ ಸುಲಭದ ಮದ್ದು ಒಂದು ಮಾತು: “ಅಣ್ಣಾ, ನೋಡಿ ಸಾಕು, ಮುಟ್ಬೇಡಿ.” ಹೇಳಲು ಸಂಕೋಚಪಡಬೇಡಿ. ಗಿರಾಕಿ ಮುನಿಸಿಕೊಂಡರೆ ಇನ್ನೊಬ್ಬ ಬಂದಾನು.