ಸಂಜ್ಞೆಗೆ ಮರುಸಂಜ್ಞೆ

ಕ್ರಿಕೆಟ್ ಆಟವನ್ನು ನೋಡಿದವರೆಲ್ಲರೂ ಅಂಪೈರರ ಸಂಜ್ಞೆಗಳನ್ನು ಬಲ್ಲರು. ಎರಡು ಕೈಗಳನ್ನೂ ಮೇಲೆತ್ತಿದರೆ ಆರು ರನ್ನು. ಎರಡನ್ನೂ ಪಕ್ಕಗಳಿಗೆ ಚಾಚಿದರೆ ವೈಡ್. ತೆರೆದ ಒಂದು ಕೈಯನ್ನು ತಲೆಯ ಮೇಲಕ್ಕೆತ್ತಿದರೆ ಬೈ. ಆದರೆ ಮೈದಾನದ ಹೊರಗೆ ಕುಳಿತ ಸ್ಕೋರರರು ಈ ಸಂಜ್ಞೆಗಳಿಗೆ ಪ್ರತಿಯಾಗಿ ಸಂಜ್ಞೆ ಮಾಡುವುದನ್ನು ಗಮನಿಸಿದವರು ವಿರಳ. ಆ ಮರುಸಂಜ್ಞೆ ದೊರೆಯುವವರೆಗೆ ಅಂಪೈರರು ಆಟವನ್ನು ಮುಂದುವರಿಯಗೊಡಬಾರದೆಂದು ಕ್ರಿಕೆಟ್ಟಿನ ನಿಯಮವೇ ವಿಧಿಸಿದೆ. ಹೇಳಿದ್ದು ತಲುಪಿತೆಂಬ ಖಾತರಿಯಿಲ್ಲದೆ ಸಂಜ್ಞೆಯು ಪೂರ್ಣವಾಗದು.

ಪಂದ್ಯದ ಫಲಿತಾಂಶವನ್ನು ಮುಂಚಿತವಾಗಿ ಊಹಿಸುವ ಆಟಗಳು ಇಂದು ಮೊಬೈಲ್ ಫೋನಿನ ಪರದೆಯ ಮೇಲೆ ಬಂದಿವೆ. ಹಣದ ಪಣವಿಲ್ಲದೆ, ಕೇವಲ ಅಂಕಗಳಿಗಾಗಿ ಆಡುವ ಅಂತಹದೊಂದು ಆಟವನ್ನು ಭಾವಿಸಿಕೊಳ್ಳಿ. ಆಡುವವನು ತಾನು ಮೆಚ್ಚಿದ ತಂಡದ ಹೆಸರನ್ನು ಬೆರಳಿನಿಂದ ಒತ್ತುತ್ತಾನೆ. ಪರದೆಯಲ್ಲಿ ಯಾವ ಬದಲಾವಣೆಯೂ ಕಾಣದಿದ್ದರೆ ಅವನಿಗೆ ಸಂದೇಹ ಹುಟ್ಟುತ್ತದೆ, ಮತ್ತೊಮ್ಮೆ ಒತ್ತುತ್ತಾನೆ. ಎರಡನೆಯ ಒತ್ತು ಮೊದಲನೆಯದನ್ನು ಅಳಿಸಿಬಿಡಲೂ ಬಹುದು.

ಆದುದರಿಂದ ಪರದೆಯು ಪ್ರತಿಯೊಂದು ಹಂತದಲ್ಲಿಯೂ ಮರುಸಂಜ್ಞೆ ನೀಡಬೇಕು. ಆಯ್ಕೆ ದಾಖಲಾದೊಡನೆ ಆ ಹೆಸರಿನ ಸುತ್ತ ದಪ್ಪ ಗೆರೆ ಮೂಡಬೇಕು. ಪಂದ್ಯ ಆರಂಭವಾದ ಮೇಲೆ ಆಯ್ಕೆಯನ್ನು ಬದಲಿಸಲಾಗದೆಂದು ಬೀಗದ ಚಿತ್ರವು ತಿಳಿಸಬೇಕು. ಪಂದ್ಯ ಮುಗಿದ ಮೇಲೆ ಊಹೆ ಸರಿಯಾಯಿತೋ ತಪ್ಪಾಯಿತೋ ಎಂಬುದು ಸ್ಪಷ್ಟವಾಗಬೇಕು. ಮಳೆಯಿಂದ ಪಂದ್ಯ ರದ್ದಾದರೆ ಊಹೆ ಸರಿಯೂ ಅಲ್ಲ, ತಪ್ಪೂ ಅಲ್ಲ. ಅದಕ್ಕೆ ಪ್ರತ್ಯೇಕವಾದ ಗುರುತೇ ಬೇಕು.

ಸರಿಗೆ ಹಸುರು, ತಪ್ಪಿಗೆ ಕೆಂಪು ಬಣ್ಣವಿದ್ದರೆ ಸಾಲದೇ ಎಂದು ಕೆಲವರು ಕೇಳಬಹುದು. ಪರಮಾಣುವಾದದಿಂದ ಪ್ರಸಿದ್ಧನಾದ ಜಾನ್ ಡಾಲ್ಟನ್ನನಿಗೆ ಬಣ್ಣಗಳು ಇತರರಿಗೆ ಕಾಣುವಂತೆ ಕಾಣುತ್ತಿರಲಿಲ್ಲ. ಈ ದೋಷವನ್ನು ಅವನು 1794ರಲ್ಲಿ ಮ್ಯಾಂಚೆಸ್ಟರಿನ ವಿದ್ವಾಂಸರ ಮುಂದೆ ವಿವರಿಸಿದನು. ಉತ್ತರ ಯೂರೋಪ್ ಮೂಲದ ಗಂಡಸರಲ್ಲಿ ಸುಮಾರು 12 ಮಂದಿಗೆ ಒಬ್ಬರಿಗೆ, ಹೆಂಗಸರಲ್ಲಿ ಸುಮಾರು 200 ಮಂದಿಗೆ ಒಬ್ಬರಿಗೆ ಕೆಂಪು-ಹಸುರುಗಳ ಭೇದವನ್ನು ಗುರುತಿಸುವುದು ಕಷ್ಟ. ಇತರ ಜನಾಂಗಗಳಲ್ಲಿಯೂ ಇಂತಹವರಿದ್ದಾರೆ. ಬಣ್ಣವೊಂದನ್ನೇ ನೆಚ್ಚಿದ ಪರದೆಯಲ್ಲಿ ಅವರಿಗೆ ಗೆಲುವು-ಸೋಲುಗಳೆರಡೂ ಒಂದೇ ಆಗಿ ತೋರುತ್ತವೆ. ಬಣ್ಣದ ಜೊತೆಗೆ ಸರಿಗುರುತು ಅಥವಾ ಅಡ್ಡಗೆರೆ, ಅದರ ಬದಿಯಲ್ಲಿ ‘ಸರಿ’, ‘ತಪ್ಪು’ ಎಂಬ ಮಾತು ಇದ್ದರೆ ಈ ತೊಡಕು ನಿವಾರಣೆಯಾಗುತ್ತದೆ. ಅಂಪೈರರ ಕೈಸನ್ನೆಗಳು ಬಣ್ಣವನ್ನು ಅವಲಂಬಿಸದೆ ಆಕಾರವನ್ನೇ ಆಶ್ರಯಿಸಿರುವುದು ಇಲ್ಲಿ ನೆನೆಯತಕ್ಕದ್ದು.

ಊಹೆ ತಪ್ಪಿ ಸೋಲುವುದು ಆಟದ ಧರ್ಮ. ಗುರುತು ತಿಳಿಯದೆ ಸೋಲುವುದು ಆಡುವವನಿಗಾದ ಅನ್ಯಾಯ. ಆಟವನ್ನು ರಚಿಸುವವರು ಈ ಭೇದವನ್ನು ಮರೆಯಬಾರದು.