ಸಂಗೀತವೇ ಹಗಲಾದವರಿಗೆ ಒಂದು ಸಂಜೆ ಬೇಕು

ಹಲಸೂರು, ಬೆಂಗಳೂರು

ಪ್ರೀತಿಯ ಮಗಳೇ,

ನಿನ್ನ ಪತ್ರ ತಲುಪಿತು. ಬೆಳಗಿನ ಜಾವ ಸಾಧಕ, ಮಧ್ಯಾಹ್ನ ಮಕ್ಕಳಿಗೆ ಪಾಠ, ಸಂಜೆ ಕಛೇರಿ ಇಲ್ಲವೇ ರೆಕಾರ್ಡಿಂಗ್, ರಾತ್ರಿ ಮಲಗುವ ಮುಂಚೆ ನಾಳೆ ಹಾಕಬೇಕಾದ ವಿಡಿಯೊ. ನಡುವೆ ಒಂದು ಗಂಟೆ ಬಿಡುವು ಸಿಕ್ಕರೂ ಕದ್ದು ತಿಂದ ಹಾಗೆ ಮನಸ್ಸು ಚುಚ್ಚುತ್ತದೆ ಎಂದು ಬರೆದಿದ್ದೀಯ. 'ಸಂಗೀತ ಅಂದರೆ ತಪಸ್ಸು, ಬೇರೆ ಹವ್ಯಾಸ ಇಟ್ಟುಕೊಂಡವರು ಮೇಲೆ ಬರೋದಿಲ್ಲ' ಎಂದು ಹಿರಿಯರೊಬ್ಬರು ಹೇಳಿದರಂತೆ. ಅದು ನಿಜವೇ ಎಂದು ಕೇಳಿದ್ದೀಯ.

ನಿಜವಲ್ಲ ಕಣಮ್ಮ. ಕೆ.ಆರ್. ಪುರದಲ್ಲಿ ಮೆಟ್ರೊ ಹತ್ತಿ, ಹೆಗಲಿಗೆ ವಾದ್ಯದ ಪೆಟ್ಟಿಗೆ ಏರಿಸಿಕೊಂಡು ಇಂದಿರಾನಗರಕ್ಕೋ ದಂಡು ಪ್ರದೇಶಕ್ಕೋ ಬರುವ ಹುಡುಗ ಹುಡುಗಿಯರು ಈಗ ಬಹಳ ಮಂದಿ. ಅವರಲ್ಲಿ ಎಷ್ಟೋ ಜನಕ್ಕೆ ಇದೇ ಅಳುಕು ಇದ್ದೀತು. ಆದ್ದರಿಂದ ನಿನಗೆ ಬರೆಯಬೇಕಾದ ಉತ್ತರವನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ.

ನಿನ್ನ ಮನೆಯ ಹತ್ತಿರದಿಂದಲೇ ಶುರುಮಾಡುತ್ತೇನೆ. ಹಳೇ ಮದರಾಸು ರಸ್ತೆಯಲ್ಲಿ ದೂರವಾಣಿನಗರ ಇದೆಯಲ್ಲ, 1948ರಲ್ಲಿ ಶುರುವಾದ ಐಟಿಐ ಕಾರ್ಖಾನೆಯ ಊರು. ಸಿ. ಅಶ್ವತ್ಥ್ ಆ ಐಟಿಐಯಲ್ಲಿ 27 ವರ್ಷ ನೌಕರಿ ಮಾಡಿದವರು. 'ಕಾಕನಕೋಟೆ' ಚಿತ್ರದ ಹಾಡುಗಳು, ಶರೀಫರ ತತ್ವಪದಗಳು ಮನೆಮನೆಗೆ ಮುಟ್ಟಿದ್ದು, 'ಸಂತ ಶಿಶುನಾಳ ಶರೀಫ' ಚಿತ್ರದ ಸಂಗೀತ, ಎಲ್ಲವೂ ಆ ನೌಕರಿಯ ಜೊತೆಜೊತೆಗೇ ನಡೆದವು. ಹಗಲು ಟೆಲಿಫೋನ್ ಕಾರ್ಖಾನೆ, ಸಂಜೆ ನಾಟಕದ ತಾಲೀಮು, ಹಾಡು. ಬೆಂಗಳೂರಿನ ಈ ಪೂರ್ವದ ಸೀಮೆಯಲ್ಲಿ ಎಚ್‌ಎಎಲ್, ಐಟಿಐ, ಎನ್‌ಜಿಇಎಫ್ ಕಾರ್ಖಾನೆಗಳು ಸುತ್ತಲೂ ಇದ್ದ ಕಾಲದಲ್ಲಿ ಪಾಳಿ ಮುಗಿದ ಮೇಲಿನ ಹೊತ್ತಿಗೆ ಒಂದು ಘನತೆ ಇತ್ತು. ಅಲ್ಲಿನ ಕನ್ನಡ ಸಂಘಗಳಲ್ಲಿ ಹಾಡಿದವರನ್ನು, ನಾಟಕ ಆಡಿದವರನ್ನು 'ಇದರಿಂದ ಏನು ಬಂತು' ಎಂದು ಯಾರೂ ಕೇಳುತ್ತಿರಲಿಲ್ಲ. ಅದು ಅವರ ಸ್ವಂತದ ಹೊತ್ತು.

ಈಗ ನಿನ್ನ ದಿನಚರಿಯನ್ನು ಅದರ ಪಕ್ಕ ಇಟ್ಟು ನೋಡು. ಅಶ್ವತ್ಥರಿಗೆ ಕಾರ್ಖಾನೆ ಹಗಲಾಗಿತ್ತು, ಸಂಗೀತ ಸಂಜೆಯಾಗಿತ್ತು. ನಿನಗೆ ಸಂಗೀತವೇ ಹಗಲು. ಸಂಭಾವನೆ, ಮನೆ ಬಾಡಿಗೆ, ಹೆಸರು, ಪೈಪೋಟಿ ಎಲ್ಲ ಅದರ ಹೆಗಲ ಮೇಲೇ ಬಿದ್ದಿದೆ. ಹಾಗಾದರೆ ಯಾರೂ ಅಳೆಯದ, ಯಾರಿಗೂ ಲೆಕ್ಕ ಒಪ್ಪಿಸಬೇಕಿಲ್ಲದ ಆ ಸಂಜೆ ನಿನಗೆಲ್ಲಿದೆ? ಸಂಗೀತವನ್ನು ವೃತ್ತಿಯಾಗಿ ಹಿಡಿದವರು ಆ ಸಂಜೆಯನ್ನು ಸಂಗೀತದ ಹೊರಗೆ ಹುಡುಕಿಕೊಳ್ಳಲೇಬೇಕು. ಈ ಕಾಗದದಲ್ಲಿ ನಾನು ಹೇಳಬೇಕೆಂದಿರುವುದು ಇಷ್ಟೇ. ಉಳಿದದ್ದೆಲ್ಲ ಅದರ ವಿವರ.

ಬೇರೆ ಹವ್ಯಾಸ ಇದ್ದವರು ಮೇಲೆ ಬರೋದಿಲ್ಲ ಎಂದವರಿಗೆ ನಮ್ಮ ಗದಗಿನ ಭೀಮಸೇನ ಜೋಶಿಯವರನ್ನು ನೆನಪಿಸು. ಅವರಿಗೆ ಕಾರೆಂದರೆ ಪ್ರಾಣ. ಕಛೇರಿಗಳಿಗೆ ದೂರದೂರದ ಊರುಗಳವರೆಗೆ ತಾವೇ ಗಾಡಿ ಓಡಿಸಿಕೊಂಡು ಹೋಗುತ್ತಿದ್ದರು. ಬರೀ ಓಡಿಸುವುದಲ್ಲ, ಎಂಜಿನ್ನಿನ ಒಳಹೊರಗೂ ಅವರಿಗೆ ಗೊತ್ತಿತ್ತು. ಅವರೇನಾದರೂ ಹಲಸೂರಿನವರಾಗಿದ್ದರೆ ಶಿವಾಜಿನಗರದ ಗುಜರಿಯಲ್ಲಿ ಹಳೆ ಗಾಡಿಗಳ ಬಿಡಿಭಾಗ ಹುಡುಕುತ್ತಾ ಅರ್ಧ ದಿನ ಕಳೆಯುತ್ತಿದ್ದರು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಪಿ.ಬಿ. ಶ್ರೀನಿವಾಸರ ಜೇಬಿನ ತುಂಬ ಬಣ್ಣಬಣ್ಣದ ಪೆನ್ನುಗಳಿರುತ್ತಿದ್ದವು. ಮದರಾಸಿನ ವುಡ್‌ಲ್ಯಾಂಡ್ಸ್ ಡ್ರೈವ್-ಇನ್ ಹೋಟೆಲಿನಲ್ಲಿ ಕೂತು ಹಲವು ಭಾಷೆಗಳಲ್ಲಿ ಕವಿತೆ ಬರೆಯುತ್ತಿದ್ದರು. ಲತಾ ಮಂಗೇಶ್ಕರ್ ಅವರಿಗೆ ಕ್ಯಾಮೆರಾ ಮತ್ತು ಕ್ರಿಕೆಟ್. 1983ರಲ್ಲಿ ಭಾರತ ವಿಶ್ವಕಪ್ ಗೆದ್ದಾಗ ಆಟಗಾರರಿಗೆ ಬಹುಮಾನದ ಹಣ ಕೂಡಿಸಲು ದೆಹಲಿಯಲ್ಲಿ ಕಛೇರಿ ಕೊಟ್ಟವರು ಅವರೇ. ಈ ಮೂವರ ಸಾಧಕಕ್ಕೆ ಏನಾದರೂ ಕೊರತೆಯಾಗಿತ್ತೇ?

ಹೊರದೇಶದಲ್ಲೂ ಹೀಗೆಯೇ. ಬೊಹೀಮಿಯಾದ ಮಹಾನ್ ಸಂಯೋಜಕ ಡ್ವೊರಾಕ್‌ಗೆ ರೈಲು ಎಂಜಿನ್ನುಗಳ ಹುಚ್ಚು. ಪ್ರಾಗ್ ನಿಲ್ದಾಣಕ್ಕೆ ಹೋಗಿ ಚಾಲಕರನ್ನು ಮಾತಾಡಿಸಿ, ಎಂಜಿನ್ನಿನ ನಂಬರು ಬರೆದುಕೊಂಡು ಬರುತ್ತಿದ್ದರು. ಹಳ್ಳಿಯ ಮನೆಯಲ್ಲಿ ಪಾರಿವಾಳ ಸಾಕಿದ್ದರು. ರಷ್ಯಾದ ಪ್ರೊಕೊಫಿಯೆವ್ ಚದುರಂಗದಲ್ಲಿ ಎಷ್ಟು ಗಟ್ಟಿಗರೆಂದರೆ, 1914ರಲ್ಲಿ ಚದುರಂಗದ ದೊಡ್ಡ ಆಟಗಾರ ಕಾಪಾಬ್ಲಾಂಕಾ ಒಟ್ಟಿಗೆ ಹಲವರ ಜೊತೆ ಆಡಿದಾಗ ಒಂದು ಆಟದಲ್ಲಿ ಅವರನ್ನೇ ಸೋಲಿಸಿದ್ದರು. ಪಿಟೀಲಿನ ದೊಡ್ಡ ಹೆಸರು ಡೇವಿಡ್ ಓಯ್‌ಸ್ಟ್ರಾಖ್ ಮತ್ತು ಪ್ರೊಕೊಫಿಯೆವ್ 1937ರಲ್ಲಿ ಮಾಸ್ಕೋದಲ್ಲಿ ಜನರ ಮುಂದೆ ಚದುರಂಗದ ಪಂದ್ಯವನ್ನೇ ಆಡಿದರು. ಫ್ರಾನ್ಸಿನ ಮೆಸ್ಸಿಯಾನ್ ಕಾಡುಮೇಡು ಅಲೆದು ಹಕ್ಕಿಗಳ ಕೂಗನ್ನು ಸ್ವರದಲ್ಲಿ ಬರೆದುಕೊಂಡವರು. 1956ರಿಂದ 58ರ ನಡುವೆ ಬರೆದ ಅವರ ಪಿಯಾನೊ ಕೃತಿಗಳ ಒಂದು ದೊಡ್ಡ ಗುಚ್ಛಕ್ಕೆ ಹಕ್ಕಿಗಳದೇ ಹೆಸರು. ನಮ್ಮ ಶಾರ್ಙ್ಗದೇವನ 'ಸಂಗೀತ ರತ್ನಾಕರ'ದಲ್ಲಿರುವ 120 ದೇಶೀ ತಾಳಗಳನ್ನು ಅಭ್ಯಾಸ ಮಾಡಿ ತಮ್ಮ ರಚನೆಗಳಲ್ಲಿ ಬಳಸಿದವರೂ ಇವರೇ.

ಮೆಸ್ಸಿಯಾನ್ ಹಕ್ಕಿಗಳಿಂದ ಸಂಗೀತ ಪಡೆದರು ನಿಜ. ಆದರೆ ಡ್ವೊರಾಕರ ರೈಲಿನಿಂದ, ಜೋಶಿಯವರ ಕಾರಿನಿಂದ ಯಾವ ರಾಗ ಹುಟ್ಟಿತು ಎಂದು ಹುಡುಕಲು ಹೋಗಬೇಡ. ಹವ್ಯಾಸ ಸಂಗೀತಕ್ಕೆ ಉಪಯೋಗವಾದರೆ ಮಾತ್ರ ಅದಕ್ಕೆ ಬೆಲೆ ಎಂದುಕೊಂಡರೆ, ಅದೂ ಸಾಧಕದ ಇನ್ನೊಂದು ಗಂಟೆಯಾಗಿಬಿಡುತ್ತದೆ. ಹೆಸರಾದ ಕಲಾವಿದರೊಬ್ಬರು ಎಂಜಿನ್ ಚಾಲಕನ ಮುಂದೆ ಏನೂ ಗೊತ್ತಿಲ್ಲದ ಮನುಷ್ಯನಾಗಿ ನಿಂತು ಪ್ರಶ್ನೆ ಕೇಳುವುದೇ ದೊಡ್ಡ ಬಿಡುಗಡೆ. ವೇದಿಕೆಯ ಮೇಲೆ ನಿನಗೆ ತಪ್ಪುವ ಸ್ವಾತಂತ್ರ್ಯವಿಲ್ಲ. ಎಲ್ಲಾದರೂ ಒಂದು ಕಡೆ ಅದು ಇರಬೇಕು.

ಇನ್ನು ಹೊತ್ತಿನ ಲೆಕ್ಕ. ಬರ್ಲಿನ್ನಿನ ಸಂಗೀತ ಅಕಾಡೆಮಿಯ ಪಿಟೀಲು ವಿದ್ಯಾರ್ಥಿಗಳ ಮೇಲೆ ಆಂಡರ್ಸ್ ಎರಿಕ್ಸನ್ ಮತ್ತು ಸಂಗಡಿಗರು ಮಾಡಿದ ಅಧ್ಯಯನ 1993ರಲ್ಲಿ ಪ್ರಕಟವಾಯಿತು. 'ಹೆಚ್ಚು ನುಡಿಸಿದವನೇ ಗೆದ್ದ' ಎಂದು ಅದರ ಅರ್ಧ ಮಾತನ್ನಷ್ಟೇ ಎಲ್ಲರೂ ಹೇಳುತ್ತಾರೆ. ಇನ್ನರ್ಧವನ್ನೂ ಕೇಳು. ಮುಂದಿದ್ದ ವಿದ್ಯಾರ್ಥಿಗಳು ಅಭ್ಯಾಸವನ್ನು ತುಂಡುತುಂಡು ಮಾಡಿ, ನಡುವೆ ವಿರಾಮ ಕೊಟ್ಟು ಮಾಡುತ್ತಿದ್ದರು. ಮಧ್ಯಾಹ್ನ ಒಂದು ನಿದ್ದೆ ತೆಗೆಯುತ್ತಿದ್ದರು. ದಿನಕ್ಕೆ ಸರಾಸರಿ 8.6 ಗಂಟೆ ನಿದ್ದೆ ಮಾಡುತ್ತಿದ್ದರು, ಹಿಂದಿದ್ದವರಿಗಿಂತ ಹೆಚ್ಚು. ಅಮೆರಿಕದ ಪಿಯಾನೊ ವಾದಕ ಲಿಯಾನ್ ಫ್ಲೈಷರ್ ಅವರದು ಇದಕ್ಕೆ ವಿರುದ್ಧವಾದ ಕಥೆ. 1960ರ ದಶಕದ ನಡುವಿನಲ್ಲಿ ಅವರ ಬಲಗೈ ಬೆರಳುಗಳು ಮಾತು ಕೇಳದಾದವು. ನೋವಿದ್ದರೂ ಬಿಡದೆ ಅತಿಯಾಗಿ ಅಭ್ಯಾಸ ಮಾಡಿದ್ದೇ ಕಾರಣವೆಂದು ಅವರೇ ಮುಂದೆ ಹೇಳಿದರು. ಎರಡೂ ಕೈಗಳಿಂದ ಮತ್ತೆ ಕಛೇರಿ ಕೊಡುವ ಹೊತ್ತಿಗೆ ಸುಮಾರು ಮೂರು ದಶಕ ಕಳೆದಿತ್ತು. ಬೆರಳು ಮರಗಟ್ಟಿದರೆ, ಭುಜ ಸೆಳೆದರೆ ಅದನ್ನು ತಪಸ್ಸೆಂದು ನುಂಗಬೇಡ. ವಾದ್ಯ ಕೆಳಗಿಟ್ಟು ವೈದ್ಯರ ಹತ್ತಿರ ಹೋಗು.

ಹವ್ಯಾಸ ಆರಿಸುವಾಗ ಮೊದಲು ನಿನ್ನ ಮೈಯನ್ನು ಕೇಳು. ನೀನು ಚಕ್ಕಳಮಕ್ಕಳ ಹಾಕಿ ಕೂತು, ಪಿಟೀಲಿನ ತಲೆಯನ್ನು ಪಾದದ ಮೇಲೆ ಆನಿಸಿ ಗಂಟೆಗಟ್ಟಲೆ ನುಡಿಸುವವಳು. ಮತ್ತೆ ಕೂತೇ ಮಾಡುವ ಕೆಲಸ ನಿನಗೆ ಬೇಡ. ನಡೆ, ಇಲ್ಲವೇ ಈಜು. ಹಲಸೂರು ಕೆರೆಯ ಮಗ್ಗುಲಲ್ಲೇ ಈಜುಕೊಳ ಇದೆ. ಆದರೆ ನೀರಿನಲ್ಲಿ ನೆನೆದಾಗ ಎಡಗೈ ಬೆರಳ ತುದಿಯ ಜಡ್ಡು ಮೆತ್ತಗಾಗುತ್ತದೆ, ಈಜಿದ ಕೂಡಲೇ ತಂತಿ ಮುಟ್ಟಬೇಡ. ವೀಣೆಯವರು ಕೇರಂ ಆಡುವಾಗ ಉಗುರು ಜೋಪಾನ. ಮೃದಂಗದ ಹುಡುಗರು ಚೆಂಡಾಟ ಆಡಲಿ, ಧಾರಾಳವಾಗಿ ಆಡಲಿ, ಗೋಲ್‌ಕೀಪರ್ ಮಾತ್ರ ಆಗುವುದು ಬೇಡ. ಹಾಡುವವರು ಚಿನ್ನಸ್ವಾಮಿ ಕ್ರೀಡಾಂಗಣಕ್ಕೆ ಹೋದರೆ ಚಪ್ಪಾಳೆ ತಟ್ಟಲಿ, ಗಂಟಲು ಹರಿಯುವಂತೆ ಕೂಗುವುದು ಬೇಡ. ಅಡುಗೆ ಬಲು ಒಳ್ಳೆಯ ಹವ್ಯಾಸ. ರಸೆಲ್ ಮಾರ್ಕೆಟ್ಟಿಗೆ ಹೋಗಿ ತರಕಾರಿ ಆರಿಸುವುದರಲ್ಲೇ ಅರ್ಧ ಸುಖ ಇದೆ. ಕಛೇರಿಯ ಹಿಂದಿನ ದಿನ ಹೆಚ್ಚುವ ಕೆಲಸ ಬೇರೆಯವರಿಗೆ ಬಿಡು.

ಕಿವಿಯ ಮಾತು ಬೇರೆಯಾಗಿಯೇ ಹೇಳಬೇಕು. ಇಂದಿರಾನಗರದ ನೂರಡಿ ರಸ್ತೆಯಲ್ಲಿ ಬ್ಯಾಂಡುಗಳ ಜೊತೆ ನುಡಿಸುವ ನಿನ್ನ ಗೆಳೆಯರಿಗೂ ತಿಳಿಸು. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ಗಂಟೆಗಿಂತ ಹೆಚ್ಚು ಇರಬಾರದೆಂಬುದು ತಜ್ಞರು ಇಟ್ಟುಕೊಂಡಿರುವ ಮಿತಿ. ಸದ್ದು ಮೂರು ಡೆಸಿಬೆಲ್ ಏರಿದ ಹಾಗೆಲ್ಲ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್ ಮುಟ್ಟಿದರೆ ಕಾಲು ಗಂಟೆಯಷ್ಟೇ. ದುಡಿಮೆಯಲ್ಲೇ ಕಿವಿಗೆ ಇಷ್ಟು ಪೆಟ್ಟು ಬೀಳುತ್ತಿರುವಾಗ ಬಿಡುವಿನ ಹೊತ್ತೂ ಗದ್ದಲದ್ದೇ ಆಗಬಾರದು.

ಎಲ್ಲಿಗೆ ಹೋಗಲಿ ಎಂದು ಕೇಳಬೇಡ. 1809ರಿಂದ ಬ್ರಿಟಿಷರ ದಂಡು ಬಿಡಾರ ಹೂಡಿದ ಈ ಸೀಮೆಯಲ್ಲಿ ಬಗೆಬಗೆಯ ಜನ ತಂದ ಬಗೆಬಗೆಯ ಹವ್ಯಾಸಗಳು ಬೀದಿಬೀದಿಯಲ್ಲಿವೆ. ಹಲಸೂರಿನ ಗೌತಮಪುರಕ್ಕೆ ಹೋಗಿ ನೋಡು, ಅಲ್ಲಿ ಫುಟ್‌ಬಾಲ್ ಆಟಗಾರ ಪೆಲೆಯ ಪ್ರತಿಮೆ ನಿಲ್ಲಿಸಿದ್ದಾರೆ. 1948ರ ಲಂಡನ್ ಒಲಿಂಪಿಕ್ಸ್‌ನ ಫುಟ್‌ಬಾಲ್ ಪಂದ್ಯದಲ್ಲಿ ಫ್ರಾನ್ಸ್ ಮೇಲೆ ಭಾರತದ ಏಕೈಕ ಗೋಲು ಹೊಡೆದ ಎಸ್. ರಾಮನ್ ಬೆಂಗಳೂರಿನವರು. ಶಿವಾಜಿನಗರದ ಮಾಳಿಗೆಗಳ ಮೇಲೆ ಪಾರಿವಾಳ ಸಾಕಿ ಪಂದ್ಯಕ್ಕೆ ಬಿಡುವವರಿದ್ದಾರೆ. ಡ್ವೊರಾಕ್ ಇಲ್ಲಿ ಹುಟ್ಟಿದ್ದರೆ ಅವರಿಗೆ ಎರಡೂ ಸಿಗುತ್ತಿತ್ತು. ಪಾರಿವಾಳದ ಜೊತೆಗೆ, 1864ರಲ್ಲಿ ಜೋಲಾರಪೇಟೆಯಿಂದ ಮೊದಲ ರೈಲು ಬಂದ ದಂಡು ರೈಲು ನಿಲ್ದಾಣವೂ ಇದೆ, ನಿನ್ನ ಕೆ.ಆರ್. ಪುರದ ಡೀಸೆಲ್ ಲೋಕೊ ಶೆಡ್ಡೂ ಇದೆ. ಓದುವ ಆಸೆ ಇದ್ದರೆ ಚರ್ಚ್ ಸ್ಟ್ರೀಟಿನ ಹಳೆ ಪುಸ್ತಕದಂಗಡಿಗಳಿವೆ. ಹಲಸೂರು ಕೆರೆಯ ಏರಿಯ ಮೇಲೆ ಬೆಳಿಗ್ಗೆ ನಡೆದರೆ ನೀರುಕಾಗೆ, ಬೆಳ್ಳಕ್ಕಿ, ಹೆಜ್ಜಾರ್ಲೆ ಕಾಣುತ್ತವೆ. ದುರ್ಬೀನು ಇದ್ದರೆ ಒಂದು ಭಾನುವಾರ ಹೊಸಕೋಟೆ ಕೆರೆಗೂ ಹೋಗಿ ಬಾ, ನಿನ್ನ ಮನೆಯಿಂದ ದೂರವೇನಲ್ಲ. ಕುಟ್ರುಹಕ್ಕಿ ಕೂಗಿದಾಗ ಅದರ ಶ್ರುತಿ ಹುಡುಕುವ ಚಪಲ ನಿನಗೆ ಬಂದೇ ಬರುತ್ತದೆ. ಮೊದಲ ಕೆಲವು ತಿಂಗಳಾದರೂ ಅದನ್ನು ತಡೆದುಕೋ. ಅದು ಎಲ್ಲಿ ಕೂತಿದೆ, ಏನು ತಿನ್ನುತ್ತದೆ, ಯಾವ ಮರದಲ್ಲಿ ಪೊಟರೆ ಕೊರೆಯುತ್ತದೆ ಎಂದು ನೋಡು.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ನಿನ್ನ ಹವ್ಯಾಸವನ್ನು ವಿಡಿಯೊ ಮಾಡಿ ಹಾಕಬೇಡ. 'ಪಿಟೀಲು ವಿದುಷಿ ಹಕ್ಕಿ ನೋಡುತ್ತಿದ್ದಾರೆ' ಎಂದು ಲೋಕಕ್ಕೆ ಗೊತ್ತಾದ ದಿನ ಅಲ್ಲಿಯೂ ಮೆಚ್ಚುಗೆಯ ಎಣಿಕೆ ಶುರುವಾಗುತ್ತದೆ, ನಿನ್ನ ಸಂಜೆ ಮತ್ತೆ ಹಗಲಾಗುತ್ತದೆ. ಅದರ ಜೊತೆಗಾರರೂ ಆದಷ್ಟು ಸಂಗೀತದ ಹೊರಗಿನವರಾಗಿರಲಿ. ಕೆರೆ ಏರಿಯ ಮೇಲೆ ಸಿಗುವ ನಿವೃತ್ತ ಸೈನಿಕರಿಗೆ, ಪಾರಿವಾಳ ಸಾಕುವ ಮುದುಕರಿಗೆ ನಿನ್ನ ಹೋದ ವಾರದ ಕಛೇರಿ ಹೇಗಾಯಿತೆಂಬುದು ಬೇಕಿಲ್ಲ. ಅವಕಾಶ ಯಾರಿಗೆ ಸಿಕ್ಕಿತು, ಯಾರಿಗೆ ತಪ್ಪಿತು ಎಂಬ ಮಾತೂ ಅಲ್ಲಿ ಬರುವುದಿಲ್ಲ. ಕಛೇರಿ ಕೆಟ್ಟ ವಾರದಲ್ಲಿ ಇಂಥ ಸ್ನೇಹದ ಬೆಲೆ ನಿನಗೆ ಚೆನ್ನಾಗಿ ತಿಳಿಯುತ್ತದೆ.

ಹೊತ್ತೆಲ್ಲಿದೆ ಎನ್ನುತ್ತೀಯ. ರಾಮನವಮಿಯ ಕಛೇರಿಗಳು, ಡಿಸೆಂಬರಿನ ಉತ್ಸವಗಳು ಇರುವಾಗ ಹೊತ್ತು ಸಿಗುವುದಿಲ್ಲ, ಒಪ್ಪುತ್ತೇನೆ. ಆಗ ಬಿಡು. ಉಳಿದ ತಿಂಗಳುಗಳಲ್ಲಿ ವಾರಕ್ಕೆ ಒಂದು ಹೊತ್ತನ್ನು ಕಛೇರಿಯ ತಾರೀಖು ಬರೆದುಕೊಳ್ಳುವ ಡೈರಿಯಲ್ಲೇ ಬರೆದಿಡು. ಯಾರಾದರೂ ಆ ಹೊತ್ತಿಗೆ ಪಾಠ ಕೇಳಿದರೆ 'ಆಗುವುದಿಲ್ಲ' ಎನ್ನು, ಕಾರಣ ಹೇಳಬೇಕಾಗಿಲ್ಲ. ದುಬಾರಿ ಸಾಮಾನು ಕೊಂಡು ಶುರುಮಾಡಬೇಡ. ಸಾಮಾನಿನ ಸಾಲ ತೀರಿಸಲು ಇನ್ನೆರಡು ಪಾಠ ಒಪ್ಪಿಕೊಳ್ಳಬೇಕಾದೀತು.

ಮನೆಯಲ್ಲಿ ಅಪ್ಪ ಅಮ್ಮ, ಪಾಠದ ಮನೆಯಲ್ಲಿ ಗುರುಗಳು 'ಇದೆಲ್ಲ ಯಾಕೆ ಬೇಕಿತ್ತು' ಎಂದು ಕೇಳಿದರೆ ಎದುರು ವಾದಿಸಬೇಡ. ಅವರ ಕಾಲದಲ್ಲಿ ಸಂಗೀತ ಕಲಿಯಲು ಹೊತ್ತು ಹೊಂದಿಸಿಕೊಳ್ಳುವುದೇ ಹೋರಾಟವಾಗಿತ್ತು, ಆ ಭಯ ಅವರಲ್ಲಿ ಇನ್ನೂ ಇದೆ. ನೆಮ್ಮದಿಯಾಗಿ ಹೇಳು: ನನಗೆ ಅರವತ್ತು ವರ್ಷವಾದಾಗಲೂ ಪಿಟೀಲನ್ನು ಪ್ರೀತಿಯಿಂದ ಕೈಗೆತ್ತಿಕೊಳ್ಳಬೇಕು, ಅದಕ್ಕಾಗಿ. ಅದೇ ಸಂಗತಿಯನ್ನು ನಿನ್ನ ಬಳಿ ಕಲಿಯುವ ಪುಟ್ಟ ಮಕ್ಕಳ ತಂದೆ ತಾಯಿಯರಿಗೂ ಹೇಳು. ಭಾನುವಾರ ಸಂಜೆ ಮಗು ಗಾಳಿಪಟ ಹಾರಿಸಲು ಹೋಗುತ್ತದೆ ಎಂದರೆ ಪಾಠದ ವೇಳೆಯನ್ನು ನೀನೇ ಬದಲಿಸಿಕೊಡು. ನಿನ್ನಿಂದ ಕಲಿತವರು ಮನಸ್ಸು ಚುಚ್ಚದೆ ಬಿಡುವು ಅನುಭವಿಸಲಿ.

ಈ ವಾರವೇ ಒಂದನ್ನು ಆರಿಸಿಕೋ. ಹಿಡಿಸದಿದ್ದರೆ ಬಿಟ್ಟು ಇನ್ನೊಂದು ಹಿಡಿ, ಇದರಲ್ಲಿ ಪರೀಕ್ಷೆಯೂ ಇಲ್ಲ, ವಿದ್ವತ್ತೂ ಇಲ್ಲ. ಯಾವುದನ್ನು ಆರಿಸಿದೆ ಎಂದು ನನಗೂ ಬರೆದು ತಿಳಿಸಬೇಕಾಗಿಲ್ಲ.

ಶುಭವಾಗಲಿ.

ಇಂತಿ,
ನಿನ್ನ ಹಿತೈಷಿ