ಜ್ಞಾಪಕಶಕ್ತಿಗೆ ಮದ್ದಿದೆಯೇ?

ಇಮಾಮ್ ಬುಖಾರಿ(ರ)ಯವರ ಜ್ಞಾಪಕಶಕ್ತಿ ಅವರ ಕಾಲದವರಿಗೇ ಒಂದು ವಿಸ್ಮಯವಾಗಿತ್ತು. ಅಸಂಖ್ಯಾತ ಹದೀಸ್‌ಗಳನ್ನು ವರದಿಗಾರರ ಸರಣಿಸಹಿತ ನೆನಪಿಟ್ಟುಕೊಂಡಿದ್ದ ಅವರ ಬಗ್ಗೆ ಒಂದು ವದಂತಿಯೂ ಹಬ್ಬಿತ್ತು. ಅವರು ‘ಬಲಾದುರ್’ ಎಂಬ ಮದ್ದು ಕುಡಿದಿದ್ದಾರಂತೆ! ಅವರ ಬರಹಗಾರರಾಗಿದ್ದ ಮುಹಮ್ಮದ್ ಬಿನ್ ಅಬೀ ಹಾತಿಮ್ ಒಂದು ದಿನ ಏಕಾಂತದಲ್ಲಿ ಕೇಳಿಯೇ ಬಿಟ್ಟರು: ಕಂಠಪಾಠಕ್ಕೆ ಪ್ರಯೋಜನವಾಗುವಂಥ ಯಾವುದಾದರೂ ಮದ್ದು ಇದೆಯೇ? ತನಗೆ ತಿಳಿಯದು ಎಂದರು ಇಮಾಮರು. ಬಳಿಕ ಅವರತ್ತ ತಿರುಗಿ, ಕಲಿಯುವವನ ತೀವ್ರ ಹಂಬಲ ಮತ್ತು ಗ್ರಂಥವನ್ನು ಬಿಡದೆ ನೋಡುತ್ತಿರುವುದು, ಇವೆರಡಕ್ಕಿಂತ ಹೆಚ್ಚು ಉಪಕಾರಿಯಾದುದನ್ನು ತಾನು ಅರಿತಿಲ್ಲವೆಂದು ತಿಳಿಸಿದರು.

ಈ ಬಲಾದುರ್ ನಮಗೆ ಅಪರಿಚಿತ ವಸ್ತುವೇನಲ್ಲ. ನಮ್ಮ ಕಾಡುಗಳಲ್ಲಿ ಬೆಳೆಯುವ ಕರಿಗೇರು ಅದು. ಹಿಂದೆ ಅಗಸರು ಬಟ್ಟೆಗೆ ಗುರುತು ಹಾಕುತ್ತಿದ್ದುದು ಇದರ ರಸದಿಂದಲೇ. ಸಂಸ್ಕೃತದ ‘ಭಲ್ಲಾತಕ’ ಎಂಬ ಹೆಸರೇ ಅರಬಿಯಲ್ಲಿ ಬಲಾದುರ್ ಆಯಿತೆನ್ನುತ್ತಾರೆ. ಮೈಗೆ ತಗಲಿದರೆ ಸುಟ್ಟಂತೆ ಬೊಕ್ಕೆ ಏಳುವ ಈ ಕಾಯಿಯ ರಸವನ್ನು ನೆನಪು ಹೆಚ್ಚುವುದೆಂಬ ಆಸೆಯಿಂದ ಕುಡಿದವರಿದ್ದರು. ಪ್ರಸಿದ್ಧ ಹದೀಸ್ ವಿದ್ವಾಂಸ ಅಬೂದಾವೂದ್ ತಯಾಲಿಸಿ(ರ) ಇದನ್ನು ಸೇವಿಸಿ ಕುಷ್ಠಕ್ಕೂ, ಅಬ್ದುರ್ರಹ್ಮಾನ್ ಬಿನ್ ಮಹ್ದಿ(ರ) ತೊನ್ನಿಗೂ ತುತ್ತಾದರೆಂದು ಚರಿತ್ರೆಕಾರರು ಬರೆದಿಟ್ಟಿದ್ದಾರೆ. ‘ಫುತೂಹುಲ್ ಬುಲ್ದಾನ್’ ಬರೆದ ಅಹ್ಮದ್ ಬಿನ್ ಯಹ್ಯಾ ಅವರ ಹೆಸರಿಗಂತೂ ಈ ಕಾಯಿಯೇ ಅಂಟಿಕೊಂಡಿತು. ತಿಳಿಯದೆ ಅದರ ರಸ ಕುಡಿದು ಕೊನೆಗಾಲದಲ್ಲಿ ಬುದ್ಧಿ ಸ್ಥಿಮಿತ ಕಳೆದುಕೊಂಡರೆಂಬ ಕಥೆಯಿಂದಲೇ ಅವರು ‘ಬಲಾದುರಿ’ ಎನಿಸಿಕೊಂಡರಂತೆ. ಈ ಕಾಯಿಲೆಗಳಿಗೆ ಮದ್ದೇ ಕಾರಣವಾಗಿತ್ತೇ ಎಂಬುದನ್ನು ಇಂದು ನಿರ್ಣಯಿಸಲಾಗದು. ಆದರೆ ಜ್ಞಾನದಾಹಿಗಳಾದ ಮಹನೀಯರನ್ನೂ ಈ ಆಸೆ ಎಷ್ಟು ದೂರ ಒಯ್ಯುತ್ತಿತ್ತೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಸಾವಿರ ವರ್ಷಗಳ ನಂತರವೂ ಪ್ರಶ್ನೆ ಅದೇ. ಪರೀಕ್ಷೆ ಹತ್ತಿರವಾದೊಡನೆ, “ಉಸ್ತಾದರೇ, ಮಗನಿಗೆ ಓದಿದ್ದು ತಲೆಯಲ್ಲಿ ನಿಲ್ಲುವುದಿಲ್ಲ. ಯಾವ ಟಾನಿಕ್ ಕೊಡಲಿ?” ಎಂದು ತಾಯಂದಿರು ಕೇಳುತ್ತಾರೆ. ಅಂಗಡಿಗಳಲ್ಲಿ ಬಣ್ಣಬಣ್ಣದ ಬಾಟಲಿಗಳಿವೆ. ಅವುಗಳ ಮೇಲೆ ಮಿದುಳಿನ ಚಿತ್ರವೂ ಇದೆ. ಮದ್ದು ಹುಡುಕುವುದು ತಪ್ಪಲ್ಲ. ಚಿಕಿತ್ಸೆ ಪಡೆಯುವಂತೆ ಪ್ರವಾದಿವರ್ಯರು(ಸ) ಆದೇಶಿಸಿದ್ದಾರೆ. ಆದರೆ ಚಿಕಿತ್ಸೆ ಎಂದರೆ ಇರುವ ಕೊರತೆಯನ್ನು ತುಂಬುವುದು. ಎಣ್ಣೆ ತೀರಿದ ದೀಪಕ್ಕೆ ಎಣ್ಣೆ ಹೊಯ್ದರೆ ಬೆಳಗುತ್ತದೆ, ತುಂಬಿದ ದೀಪಕ್ಕೆ ಹೊಯ್ದರೆ ಚೆಲ್ಲುತ್ತದೆ. ಮಿದುಳಿನ ಪೋಷಣೆಯ ಬಗ್ಗೆ ಇಂದಿನ ವೈದ್ಯವಿಜ್ಞಾನ ಕಂಡುಕೊಂಡಿರುವುದೂ ಬಹುಮಟ್ಟಿಗೆ ಇಷ್ಟೇ.

ನಮ್ಮ ಮಕ್ಕಳಲ್ಲಿ ತೀರಿರುವ ಎಣ್ಣೆ ಯಾವುದು? ಎಲ್ಲಕ್ಕಿಂತ ಮೊದಲು ಕಬ್ಬಿಣದ ಅಂಶ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಐದು ವರ್ಷದೊಳಗಿನ ಮಕ್ಕಳ ಪೈಕಿ ನೂರಕ್ಕೆ 67 ಮಂದಿಗೆ, 15ರಿಂದ 19 ವರ್ಷದ ಹುಡುಗಿಯರಲ್ಲಿ ನೂರಕ್ಕೆ 59 ಮಂದಿಗೆ ರಕ್ತಹೀನತೆಯಿದೆ. ಕಬ್ಬಿಣದ ಕೊರತೆ ಇದಕ್ಕೆ ಒಂದು ಮುಖ್ಯ ಕಾರಣ. ದೇಹದ ತೂಕದಲ್ಲಿ ನೂರಕ್ಕೆ ಎರಡು ಪಾಲಷ್ಟೇ ಇರುವ ಮಿದುಳು, ದೇಹ ಬಳಸುವ ಶಕ್ತಿಯಲ್ಲಿ ಐದನೇ ಒಂದು ಪಾಲನ್ನು ತಾನೇ ತೆಗೆದುಕೊಳ್ಳುತ್ತದೆ. ಚಿಕ್ಕ ಮಕ್ಕಳಲ್ಲಿ ಈ ಪಾಲು ಇನ್ನೂ ಹೆಚ್ಚು. ಆ ಶಕ್ತಿಗೆ ಬೇಕಾದ ಆಮ್ಲಜನಕವನ್ನು ಹೊತ್ತೊಯ್ಯಲು ಮಾತ್ರವಲ್ಲ, ಮಿದುಳಿನ ಕೋಶಗಳು ಪರಸ್ಪರ ಸಂದೇಶ ಕಳುಹಿಸುವ ರಾಸಾಯನಿಕಗಳನ್ನು ತಯಾರಿಸಲೂ ಕಬ್ಬಿಣ ಬೇಕು. ಅದು ಕಡಿಮೆಯಾದ ಮಗು ಬೇಗ ದಣಿಯುತ್ತದೆ, ಪಾಠದ ನಡುವೆ ಮಂಕಾಗಿ ಕೂರುತ್ತದೆ, ಕೇಳಿದ್ದು ಮನಸ್ಸಿಗೆ ಇಳಿಯುವುದಿಲ್ಲ. ಕೆಲವು ಮಕ್ಕಳು ಮಣ್ಣು, ಸೀಮೆಸುಣ್ಣ ತಿನ್ನುವುದೂ ಉಂಟು.

ಇನ್ನು ನಮ್ಮ ಬೆಳಗಿನ ಮದ್ರಸಗಳನ್ನು ನೋಡಿರಿ. ಸುಬ್‌ಹ್ ನಮಾಝಿನ ಬಳಿಕ ಗಡಿಬಿಡಿಯಲ್ಲಿ ಒಂದು ಲೋಟ ಚಹಾ, ಜೊತೆಗೆ ಎರಡು ಬಿಸ್ಕತ್ತು. ಅಷ್ಟರಲ್ಲಿ ಮಗು ಮದ್ರಸದ ಬೆಂಚಿನಲ್ಲಿರುತ್ತದೆ. ಅಲ್ಲಿಂದ ನೇರ ಶಾಲೆಗೆ. ಚಹಾದಲ್ಲಿರುವ ಒಗರಿನ ಅಂಶ, ಆಹಾರದಲ್ಲಿರುವ ಕಬ್ಬಿಣವನ್ನು ದೇಹ ಹೀರಿಕೊಳ್ಳದಂತೆ ತಡೆಯುತ್ತದೆ. ಇದ್ದ ಸ್ವಲ್ಪವೂ ಹೀಗೆ ವ್ಯರ್ಥವಾಗುತ್ತದೆ. ಈ ಮಗು ನಿನ್ನೆಯ ಪಾಠ ಒಪ್ಪಿಸಲು ತಡವರಿಸಿದಾಗ ಅದಕ್ಕೆ ಸಿಗುವ ಬಿರುದು ‘ದಡ್ಡ’. ಕೆಲವೆಡೆ ಬೆತ್ತವೂ ಏಳುತ್ತದೆ. ಅಲ್ಲಾಹನು ಯಾರ ಮೇಲೂ ಅವರ ಸಾಮರ್ಥ್ಯಕ್ಕೆ ಮೀರಿದ ಭಾರ ಹೊರಿಸುವುದಿಲ್ಲವೆಂದು ನಾವೇ ಆ ಮಕ್ಕಳಿಗೆ ಕಲಿಸುತ್ತೇವೆ! ರಕ್ತದಲ್ಲಿ ಕೊರತೆಯಿಟ್ಟುಕೊಂಡು ಬಂದ ಮಗುವಿಗೆ ನೆನಪಿಲ್ಲವೆಂದು ಹೊಡೆಯುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಮೊದಲು ಆಗಬೇಕಾದುದು ರಕ್ತಪರೀಕ್ಷೆ. 5ರಿಂದ 11 ವರ್ಷದ ಮಕ್ಕಳಲ್ಲಿ ಹಿಮೋಗ್ಲೋಬಿನ್ 11.5 ಗ್ರಾಂಗಿಂತ ಕಡಿಮೆಯಿದ್ದರೆ ಅದನ್ನು ರಕ್ತಹೀನತೆ ಎಂದು ಪರಿಗಣಿಸುತ್ತಾರೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲೇ ಈ ಪರೀಕ್ಷೆ ಮಾಡಿಸಬಹುದು.

ಮನೆಯಲ್ಲಿ ಮಾಡಬೇಕಾದುದು ಕಷ್ಟವಲ್ಲ. ಚಹಾವನ್ನು ಊಟ ತಿಂಡಿಯಿಂದ ಕನಿಷ್ಠ ಒಂದು ಗಂಟೆ ದೂರವಿಡಿರಿ. ಮಾಂಸ, ಕಲೇಜಿ, ಮೀನುಗಳಲ್ಲಿರುವ ಕಬ್ಬಿಣ ದೇಹಕ್ಕೆ ಸುಲಭವಾಗಿ ಸೇರುತ್ತದೆ. ಸೊಪ್ಪು, ರಾಗಿ, ಹುರುಳಿಗಳಲ್ಲಿರುವುದು ಅಷ್ಟು ಸುಲಭವಾಗಿ ಸೇರದು. ಆದರೆ ಅದೇ ಊಟಕ್ಕೆ ನಿಂಬೆರಸ ಹಿಂಡಿದರೆ, ಒಂದು ನೆಲ್ಲಿಕಾಯಿಯೋ ಪೇರಳೆ ಹಣ್ಣೋ ಕೊಟ್ಟರೆ ಹೀರಿಕೊಳ್ಳುವುದು ಹೆಚ್ಚುತ್ತದೆ. ಮಾಂಸ ತಂದ ದಿನ ಒಳ್ಳೆಯ ತುಂಡುಗಳು ಗಂಡಸರ ತಟ್ಟೆಗೆ ಹೋಗಿ ಹೆಣ್ಣುಮಕ್ಕಳಿಗೆ ಸಾರು ಮಾತ್ರ ಉಳಿಯುವ ಮನೆಗಳಿವೆ. 10ರಿಂದ 12 ವರ್ಷದ ಹುಡುಗನಿಗೆ ದಿನಕ್ಕೆ 16 ಮಿಲಿಗ್ರಾಂ ಕಬ್ಬಿಣ ಬೇಕಾದರೆ ಅದೇ ಪ್ರಾಯದ ಹುಡುಗಿಗೆ 28 ಮಿಲಿಗ್ರಾಂ ಬೇಕು. ಇದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಲೆಕ್ಕ. ತುಂಡು ಯಾರ ತಟ್ಟೆಗೆ ಹೋಗಬೇಕೆಂದು ಹೇಳಬೇಕಾಗಿಲ್ಲ.

ಎರಡನೆಯದು ಅಯೋಡಿನ್. ಗರ್ಭದಲ್ಲಿರುವ ಶಿಶುವಿನ ಮಿದುಳು ಬೆಳೆಯಲು ಇದು ಅನಿವಾರ್ಯ. ತಾಯಿಗೆ ತೀವ್ರ ಕೊರತೆಯಾದರೆ ಮಗುವಿನ ಬುದ್ಧಿಗಾಗುವ ಹಾನಿಯನ್ನು ಮುಂದೆ ಯಾವ ಟಾನಿಕ್ಕೂ ಸರಿಪಡಿಸದು. ಅಯೋಡಿನ್‌ಯುಕ್ತ ಉಪ್ಪು ಬಳಸಿದರೆ ಸಾಕು. ಅದನ್ನು ಒಲೆಯ ಪಕ್ಕ ತೆರೆದಿಡದೆ ಮುಚ್ಚಿದ ಡಬ್ಬಿಯಲ್ಲಿಡಿರಿ.

ಬಿ-12 ವಿಟಮಿನ್‌ನ ಮಾತು ಮನೆಯ ಹಿರಿಯರಿಗೆ ಸೇರಿದ್ದು. ಮಾಂಸ, ಮೀನು, ಮೊಟ್ಟೆ, ಹಾಲು ಮುಂತಾದ ಪ್ರಾಣಿಜನ್ಯ ಆಹಾರಗಳಲ್ಲಿ ಮಾತ್ರ ಇದು ಸಹಜವಾಗಿ ಸಿಗುತ್ತದೆ. ನಾವು ಮಾಂಸಾಹಾರಿಗಳು, ನಮಗೇಕೆ ಕೊರತೆ ಎನ್ನಬಹುದು. ಆದರೆ ಪ್ರಾಯ ಸಂದಂತೆ ಹೊಟ್ಟೆ ಅದನ್ನು ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಗುಳಿಗೆಯನ್ನು ವರ್ಷಗಟ್ಟಲೆ ಸೇವಿಸುವವರಲ್ಲೂ ಇದು ಇಳಿಯುತ್ತದೆ. ಕೈಕಾಲು ಜುಮುಜುಮು ಎನ್ನುವುದು, ಮರೆವು, ನಡೆಯುವಾಗ ತೂರಾಡುವುದು ಇದರ ಲಕ್ಷಣಗಳು. ನಮಾಝಿನಲ್ಲಿ ರಕಅತ್ ತಪ್ಪುವ ಅಜ್ಜನನ್ನು ಅರಳುಮರಳು ಎಂದು ಮೂಲೆಗೆ ತಳ್ಳುವ ಮೊದಲು ಒಮ್ಮೆ ಬಿ-12 ಪರೀಕ್ಷೆ ಮಾಡಿಸಿರಿ. ಬೇಗ ಪತ್ತೆಯಾದರೆ ಇದು ವಾಸಿಯಾಗಬಲ್ಲ ಮರೆವು.

ಮೀನಿನ ಬಗ್ಗೆ ಕರಾವಳಿಯವರಿಗೆ ಉಪದೇಶ ಬೇಡ. ಬೂತಾಯಿ, ಬಂಗುಡೆಗಳಲ್ಲಿರುವ ಒಮೆಗಾ-3 ಕೊಬ್ಬು ಮಿದುಳಿನ ಕೋಶಗಳ ಹೊದಿಕೆಯ ಮುಖ್ಯ ಭಾಗ. ಅಗ್ಗದ ಮೀನುಗಳೆಂದು ಅವುಗಳನ್ನು ಕಡೆಗಣಿಸಿ ದುಬಾರಿ ಮೀನೆಣ್ಣೆ ಗುಳಿಗೆ ಕೊಳ್ಳುವವರನ್ನು ಕಂಡರೆ ಮಾತ್ರ ಆಶ್ಚರ್ಯವಾಗುತ್ತದೆ. ಆರೋಗ್ಯವಂತ ಹಿರಿಯರಿಗೆ ಒಮೆಗಾ-3 ಗುಳಿಗೆಗಳನ್ನು ಕೊಟ್ಟು ನಡೆಸಿದ ಪ್ರಯೋಗಗಳನ್ನೆಲ್ಲ 2012ರಲ್ಲಿ ಒಟ್ಟುಗೂಡಿಸಿ ನೋಡಿದಾಗ ಅವರ ನೆನಪಿನ ಶಕ್ತಿಗೆ ಪ್ರಯೋಜನವೇನೂ ಕಂಡುಬಂದಿರಲಿಲ್ಲ.

ಗಿಂಕೊ ಎಂಬ ಎಲೆಯ ಸಾರದ ಕಥೆಯೂ ಇದೇ. ಅಮೆರಿಕದಲ್ಲಿ ಮೂರು ಸಾವಿರಕ್ಕೂ ಮಿಕ್ಕಿದ ವೃದ್ಧರಿಗೆ ವರ್ಷಗಟ್ಟಲೆ ಕೊಟ್ಟು ಪರೀಕ್ಷಿಸಲಾಯಿತು. 2008 ಮತ್ತು 2009ರಲ್ಲಿ ಫಲಿತಾಂಶ ಪ್ರಕಟವಾದಾಗ ಅದು ಮರೆಗುಳಿತನವನ್ನು ತಡೆಯಲಿಲ್ಲವೆಂದು ತಿಳಿಯಿತು. ನ್ಯಾಯವಾಗಿ ಹೇಳುವುದಾದರೆ ಎಲ್ಲವೂ ಸೊನ್ನೆಯಲ್ಲ. 60 ದಾಟಿದವರಿಗೆ ದಿನಕ್ಕೊಂದು ಬಹುವಿಟಮಿನ್ ಗುಳಿಗೆಯಿಂದ ನೆನಪಿನಲ್ಲಿ ಸಣ್ಣ ಪ್ರಯೋಜನವಾದುದನ್ನು ಇತ್ತೀಚಿನ ಅಮೆರಿಕನ್ ಅಧ್ಯಯನಗಳು ತೋರಿಸಿವೆ. ನೀರುಬ್ರಾಹ್ಮಿಯ ಸಾರವನ್ನು ಸುಮಾರು ಮೂರು ತಿಂಗಳು ಸೇವಿಸಿದವರಲ್ಲಿ ತುಸು ಸುಧಾರಣೆ ಕಂಡ ಸಣ್ಣ ಪ್ರಯೋಗಗಳೂ ಇವೆ. (ನಾವು ತಂಬುಳಿ ಮಾಡುವ ಒಂದೆಲಗವನ್ನೂ ಬ್ರಾಹ್ಮಿ ಎನ್ನುತ್ತಾರೆ. ಅದು ಬೇರೆಯೇ ಗಿಡ. ತಂಬುಳಿಗೆ ಅಡ್ಡಿಯೇನಿಲ್ಲ!) ಆದರೆ ಇವು ಯಾವುವೂ ಓದದ ಹುಡುಗನನ್ನು ಓದಿಸಲಾರವು. ಗುಳಿಗೆ ಕೊಳ್ಳುವವರು ಇನ್ನೊಂದು ವಿಷಯ ಗಮನಿಸಬೇಕು. ಮೃದುವಾದ ಕ್ಯಾಪ್ಸೂಲಿನ ಹೊದಿಕೆ ಹೆಚ್ಚಾಗಿ ಜಿಲೆಟಿನ್‌ನದ್ದು. ಅದು ಯಾವ ಪ್ರಾಣಿಯದ್ದೆಂದು ಪೊಟ್ಟಣದಲ್ಲಿ ಬರೆದಿರುವುದು ಅಪರೂಪ. ಪ್ರಾಣಕ್ಕೆ ಅಗತ್ಯವಾದ ಔಷಧಿಯ ವಿಷಯದಲ್ಲಿ ವಿದ್ವಾಂಸರು ನೀಡುವ ವಿನಾಯಿತಿಯನ್ನು, ಇಲ್ಲದಿದ್ದರೂ ನಡೆಯುವ ಟಾನಿಕ್‌ಗೆ ಎಳೆದು ತರುವುದು ನನಗೆ ಸರಿಕಾಣದು.

ಹಾಗಾದರೆ ಒಣದ್ರಾಕ್ಷಿ, ಜೇನು? ಹದೀಸ್ ಕಂಠಪಾಠ ಮಾಡಬಯಸುವವರು ಒಣದ್ರಾಕ್ಷಿ ತಿನ್ನಬೇಕೆಂದು ಇಮಾಮ್ ಝುಹ್‌ರಿ(ರ) ಹೇಳಿದ್ದಾಗಿ ವರದಿಯಿದೆ. ನಮ್ಮ ದರ್ಸ್‌ಗಳಲ್ಲಿ ಓದುವ ‘ತಅ್‌ಲೀಮುಲ್ ಮುತಅಲ್ಲಿಮ್’ ಗ್ರಂಥದಲ್ಲಿ ಇಮಾಮ್ ಝರ್ನೂಜಿ(ರ) ಬರಿ ಹೊಟ್ಟೆಯಲ್ಲಿ ದಿನಕ್ಕೆ 21 ಒಣದ್ರಾಕ್ಷಿ ಸೇವಿಸುವುದನ್ನು ನೆನಪು ಹೆಚ್ಚಿಸುವವುಗಳಲ್ಲಿ ಸೇರಿಸಿದ್ದಾರೆ. ಬರಿ ಹೊಟ್ಟೆಯಲ್ಲಿ ಮದ್ರಸಕ್ಕೆ ಬರುವ ಮಗುವಿಗೆ ಅಷ್ಟಾದರೂ ಸಿಕ್ಕಿದರೆ ಚಹಾ ಬಿಸ್ಕತ್ತಿಗಿಂತ ಉತ್ತಮವೇ. ಆದರೆ 21 ಒಣದ್ರಾಕ್ಷಿಗಳಲ್ಲಿ ಒಂದು ಮಿಲಿಗ್ರಾಂ ಕಬ್ಬಿಣ ಕೂಡ ಇರುವುದಿಲ್ಲ, ರಕ್ತಹೀನತೆ ಅದರಿಂದ ವಾಸಿಯಾಗದು. ಜೇನು ಉತ್ತಮ ಆಹಾರ, ಅದರಲ್ಲಿ ಶಮನವಿದೆಯೆಂದು ಕುರ್‌ಆನ್ ತಿಳಿಸಿದೆ. ಆದರೆ ಒಂದು ವರ್ಷ ತುಂಬದ ಕೂಸಿಗೆ ಜೇನು ನೆಕ್ಕಿಸಬಾರದೆಂದು ವೈದ್ಯರು ಹೇಳುತ್ತಾರೆ. ಅದರಲ್ಲಿರಬಹುದಾದ ಒಂದು ರೋಗಾಣು ಕೂಸಿನ ಜೀವಕ್ಕೇ ಅಪಾಯ ತರಬಲ್ಲದು. ಝರ್ನೂಜಿಯವರು ಹಸಿ ಕೊತ್ತಂಬರಿ, ಹುಳಿ ಸೇಬುಗಳನ್ನು ಮರೆವು ತರುವವುಗಳ ಪಟ್ಟಿಗೆ ಸೇರಿಸಿದ್ದಾರೆ. ಇದನ್ನು ಹದೀಸ್ ಎಂದೇ ತಿಳಿದು ಮಕ್ಕಳಿಗೆ ಕೊತ್ತಂಬರಿ ಚಟ್ನಿ ಕೊಡದವರಿದ್ದಾರೆ. ಇದು ಅವರ ಕಾಲದ ವೈದ್ಯಜ್ಞಾನ. ಆ ಮಹಾನುಭಾವರ ಮೇಲಿನ ಗೌರವಕ್ಕೆ ಕುಂದಿಲ್ಲದೆ ಇದನ್ನು ಪರೀಕ್ಷಿಸಬಹುದು, ಬಿಡಲೂಬಹುದು. ಅವರ ಗ್ರಂಥದಲ್ಲಿ ಅದೇ ಅಧ್ಯಾಯದ ಮೊದಲಿಗೆ ಶ್ರಮ, ನಿರಂತರತೆ ಮತ್ತು ಮಿತಾಹಾರದ ಮಾತಿದೆ. ಅದನ್ನು ಮಾತ್ರ ಯಾರೂ ಕೇಳಿಕೊಂಡು ಬರುವುದಿಲ್ಲ.

ಕುರ್‌ಆನನ್ನು ಕಲಿತವರು ಅದನ್ನು ಮತ್ತೆ ಮತ್ತೆ ನೋಡಿಕೊಳ್ಳದಿದ್ದರೆ, ಕಟ್ಟು ಬಿಚ್ಚಿದ ಒಂಟೆಗಿಂತ ವೇಗವಾಗಿ ಅದು ಕೈತಪ್ಪುತ್ತದೆಂದು ಪ್ರವಾದಿವರ್ಯರು(ಸ) ಎಚ್ಚರಿಸಿದ್ದಾರೆ. ಇಂದು ಓದಿದ್ದನ್ನು ನಾಳೆ, ಮೂರು ದಿನದ ನಂತರ, ವಾರದ ನಂತರ ಹೀಗೆ ಅಂತರ ಬಿಟ್ಟು ಪುನರಾವರ್ತಿಸಿದರೆ ನೆನಪು ಗಟ್ಟಿಯಾಗುತ್ತದೆಂಬುದು ಮನಶ್ಶಾಸ್ತ್ರಜ್ಞರಿಗೂ ಸುಪರಿಚಿತ. ಪುನರಾವರ್ತನೆಯಷ್ಟೇ ನಿದ್ದೆಯೂ ಮುಖ್ಯ. ಹಗಲಲ್ಲಿ ಕಲಿತದ್ದನ್ನು ಮಿದುಳು ನೆಲೆಗೊಳಿಸುವುದು ನಿದ್ದೆಯಲ್ಲಿ. 6ರಿಂದ 12 ವರ್ಷದ ಮಕ್ಕಳಿಗೆ 9 ಗಂಟೆಗೆ ಕಡಿಮೆಯಿಲ್ಲದ ನಿದ್ದೆ ಬೇಕು. ಸುಬ್‌ಹ್‌ಗೆ ಏಳುವ ಮಗು ಇಶಾ ಆದೊಡನೆ ಮಲಗದಿದ್ದರೆ ಈ ಲೆಕ್ಕ ಸರಿಹೋಗದು. ರಾತ್ರಿ ಹನ್ನೊಂದರವರೆಗೆ ಮೊಬೈಲ್ ಕೊಟ್ಟು ಬೆಳಗ್ಗೆ ಟಾನಿಕ್ ಕುಡಿಸುವ ಮನೆಗಳಿಗೆ ಏನು ಹೇಳೋಣ?

ಕೊನೆಯದಾಗಿ ಹಿಫ್ಝ್ ಕಾಲೇಜುಗಳ ಆಡಳಿತ ಸಮಿತಿಯವರಲ್ಲಿ ಒಂದು ವಿನಂತಿ. ಶಾಲೆಗೆ ಹೋಗುವ ಮಕ್ಕಳಿಗೆ ಸರಕಾರದ ಯೋಜನೆಯಂತೆ ವಾರಕ್ಕೊಂದು ಕಬ್ಬಿಣದ ಮಾತ್ರೆ ಸಿಗುತ್ತದೆ. 10 ವರ್ಷದೊಳಗಿನವರಿಗೆ ಗುಲಾಬಿ ಬಣ್ಣದ್ದು, ದೊಡ್ಡವರಿಗೆ ನೀಲಿ ಬಣ್ಣದ್ದು. ಜೊತೆಗೆ ಜಂತುಹುಳದ ಮಾತ್ರೆ ವರ್ಷಕ್ಕೆರಡು ಬಾರಿ. ಶಾಲೆ ಬಿಟ್ಟು ವಸತಿಯಲ್ಲಿದ್ದು ಕಂಠಪಾಠ ಮಾಡುವ ಮಕ್ಕಳು ಇದರಿಂದ ಹೊರಗುಳಿಯುವ ಸಂಭವವಿದೆ. ನೆನಪಿನ ಶಕ್ತಿ ಎಲ್ಲರಿಗಿಂತ ಹೆಚ್ಚು ಬೇಕಾದವರೂ ಅವರೇ. ಊರಿನ ಆರೋಗ್ಯ ಕೇಂದ್ರದ ವೈದ್ಯಾಧಿಕಾರಿಗೆ ಒಂದು ಪತ್ರ ಬರೆದು ಮಕ್ಕಳ ಸಂಖ್ಯೆ, ಪ್ರಾಯ ತಿಳಿಸಿರಿ. ರಕ್ತಪರೀಕ್ಷೆ ನಡೆಸಲು ಮತ್ತು ಮಾತ್ರೆ ಒದಗಿಸಲು ಕೇಳಿಕೊಳ್ಳಿರಿ. ಮಾತ್ರೆಯನ್ನು ವೈದ್ಯರು ಹೇಳಿದಷ್ಟೇ ಕೊಡಬೇಕು. ಡಬ್ಬಿ ಚಿಕ್ಕ ಮಕ್ಕಳ ಕೈಗೆ ಸಿಗಬಾರದು, ಹೆಚ್ಚು ನುಂಗಿದರೆ ಅದು ವಿಷ. ಬೆಳಗಿನ ಚಹಾದ ಜಾಗದಲ್ಲಿ ಒಂದು ಬೇಯಿಸಿದ ಮೊಟ್ಟೆ ಅಥವಾ ರಾಗಿ ಗಂಜಿ, ವಾರಕ್ಕೆರಡು ದಿನ ಬೂತಾಯಿ ಸಾರು, ಮಧ್ಯಾಹ್ನದ ಊಟದ ನಂತರ ಅರ್ಧ ಗಂಟೆಯ ಕೈಲೂಲ ನಿದ್ದೆ, ಇಷ್ಟನ್ನು ಮುಂದಿನ ಸಭೆಯ ನಿರ್ಣಯದಲ್ಲಿ ಬರೆದುಕೊಂಡರೂ ಸಾಕು. ಖರ್ಚಿನ ಲೆಕ್ಕ ಕೇಳುವ ಸದಸ್ಯರಿಗೆ, ಒಂದು ಟಾನಿಕ್ ಬಾಟಲಿಯ ಬೆಲೆಗೆ ಎಷ್ಟು ಮೊಟ್ಟೆ ಬರುತ್ತದೆಂದು ಅಂಗಡಿಯಲ್ಲಿ ವಿಚಾರಿಸಿ ಬರಲು ಹೇಳಬಹುದು.